ಬಾಗಿಲು ತಟ್ಟಿದ ಹನ್ನೊಂದು ಲಕ್ಷ ಸಹಿ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಮಾಲ್ಟಾ ದೇಶದ ಜನಸಂಖ್ಯೆ ಐದು ಲಕ್ಷ ಚಿಲ್ಲರೆ. ಅವರ ಮಾಲ್ಟೀಸ್ ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆ. ಕ್ಯಾಟಲಾನ್ ಬಲ್ಲವರು ಒಂದು ಕೋಟಿಯ ಹತ್ತಿರ ಇದ್ದಾರೆ. ಅದು ಅಧಿಕೃತ ಅಲ್ಲ. ಯಾಕೆ ಅಂದರೆ, ಮಾಲ್ಟಾ ಒಂದು ದೇಶ. ಕ್ಯಾಟಲೋನಿಯಾ ಸ್ಪೇನಿನ ಒಂದು ಭಾಗ. ಬೇರೆ ಕಾರಣವೇ ಬೇಡ.

ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷಾಪಟ್ಟಿಯ ಹಾಗೆ ಅವರಿಗೂ ಒಂದು ಪಟ್ಟಿ ಇದೆ. 1958ರಲ್ಲಿ ಆಗಿನ ಆರ್ಥಿಕ ಸಮುದಾಯ, ಅಂದರೆ ಒಕ್ಕೂಟದ ಹಳೆಯ ರೂಪ, ಹೊರಡಿಸಿದ ಮೊಟ್ಟಮೊದಲ ನಿಯಮವೇ ಭಾಷೆಯದ್ದು. ಕಲ್ಲಿದ್ದಲಿನದ್ದಲ್ಲ, ಗೋಧಿಯದ್ದಲ್ಲ! ಆಗ ನಾಲ್ಕು ಭಾಷೆ: ಡಚ್, ಫ್ರೆಂಚ್, ಜರ್ಮನ್, ಇಟಾಲಿಯನ್. ಈಗ 24. ಈ ಪಟ್ಟಿಗೆ ಹೊಸ ಭಾಷೆ ಸೇರಬೇಕಾದರೆ ಎಲ್ಲ ಸರ್ಕಾರಗಳೂ ಒಪ್ಪಬೇಕು. ಒಂದು ದೇಶ ತಲೆಯಾಡಿಸದಿದ್ದರೂ ಕೆಲಸ ಆಗದು.

ಹಾಗಾದರೆ ಸರ್ಕಾರ ಬೆನ್ನಿಗಿಲ್ಲದ ಭಾಷೆಗಳವರು ಏನು ಮಾಡಬೇಕು? ಫ್ರಾನ್ಸಿನ ಬ್ರೆಟನ್, ನೆದರ್‌ಲೆಂಡ್ಸಿನ ಫ್ರಿಸಿಯನ್, ಜರ್ಮನಿಯ ಸೋರ್ಬಿಯನ್ ಮಾತಾಡುವವರು ಎಲ್ಲಿಗೆ ಹೋಗಬೇಕು? ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಒಕ್ಕೂಟದ ಮೂಲ ನಿಯಮಗಳನ್ನು ತಿದ್ದಿದ ಲಿಸ್ಬನ್ ಒಪ್ಪಂದ ಒಂದು ದಾರಿ ಮಾಡಿಕೊಟ್ಟಿತು. 2012ರ ಏಪ್ರಿಲ್‌ನಿಂದ ಜನರೇ ನೇರವಾಗಿ ಯುರೋಪಿಯನ್ ಕಮಿಷನ್, ಅಂದರೆ ಒಕ್ಕೂಟದ ಕಾನೂನಿನ ಕರಡು ಮಂಡಿಸುವ ಆಡಳಿತ ಮಂಡಳಿಯ ಮುಂದೆ ಕಾನೂನಿನ ಬೇಡಿಕೆ ಇಡಬಹುದು. ಒಂದು ವರ್ಷದಲ್ಲಿ ಹತ್ತು ಲಕ್ಷ ಸಹಿ ಬೇಕು. ಕನಿಷ್ಠ ಏಳು ದೇಶಗಳಲ್ಲಿ, ಆಯಾ ದೇಶಕ್ಕೆ ಗೊತ್ತುಮಾಡಿದಷ್ಟು ಸಹಿ ಬಿದ್ದಿರಬೇಕು. ಓದಲು ಸುಲಭ. ಹಾದಿಬೀದಿಯಲ್ಲಿ ನಿಂತು ಸಹಿ ಹಾಕಿಸಿದವರನ್ನು ಕೇಳಿದರೆ ಗೊತ್ತಾಗುತ್ತದೆ.

ಈ ದಾರಿ ಹಿಡಿದವರಲ್ಲಿ ಫುಎನ್ ಅನ್ನುವ ಸಂಘಟನೆಯೂ ಒಂದು. 1949ರಲ್ಲಿ ಹುಟ್ಟಿದ್ದು. ಯುರೋಪಿನ ಅಲ್ಪಸಂಖ್ಯಾತ ಸಮುದಾಯಗಳ ಸಂಘಗಳೆಲ್ಲ ಸೇರಿ ಮಾಡಿಕೊಂಡ ದೊಡ್ಡ ಸಂಘ. ಕಚೇರಿ ಇರುವುದು ಫ್ಲೆನ್ಸ್‌ಬರ್ಗ್‌ನಲ್ಲಿ, ಜರ್ಮನಿ ಮತ್ತು ಡೆನ್ಮಾರ್ಕ್ ಗಡಿಯ ಹತ್ತಿರ. ಗಡಿಯ ಈಚೆ ಡೇನಿಷ್ ಮಾತಾಡುವವರು, ಆಚೆ ಜರ್ಮನ್ ಮಾತಾಡುವವರು. ಇಂಥ ಸಂಘಟನೆಗೆ ಅದಕ್ಕಿಂತ ಒಳ್ಳೆಯ ಊರು ಸಿಗುವುದಿಲ್ಲ, ಅಲ್ವಾ?

2013ರಲ್ಲಿ ಇವರು 'ಮೈನಾರಿಟಿ ಸೇಫ್‌ಪ್ಯಾಕ್' ಅಂತ ಹನ್ನೊಂದು ಬೇಡಿಕೆಗಳ ಒಂದು ಕಟ್ಟು ಕೊಟ್ಟರು. ಸಣ್ಣ ಭಾಷೆಗಳಿಗೆ ಒಂದು ಕೇಂದ್ರ ಬೇಕು, ಅನುದಾನ ಬೇಕು, ಹೀಗೆ. ನನಗೆ ತುಂಬ ಹಿಡಿಸಿದ್ದು ಟಿವಿಯ ಬೇಡಿಕೆ. ಫಿನ್‌ಲೆಂಡಿನಲ್ಲಿ ಸ್ವೀಡಿಷ್ ಮನೆಮಾತಿನವರು ಇದ್ದಾರೆ. ಪಕ್ಕದ ಸ್ವೀಡನ್ನಿನ ಎಷ್ಟೋ ಕಾರ್ಯಕ್ರಮಗಳು ಇಂಟರ್‌ನೆಟ್‌ನಲ್ಲಿ ಅವರಿಗೆ ತೆರೆಯುವುದಿಲ್ಲ. ಪ್ರಸಾರದ ಹಕ್ಕು ಗಡಿಗೆ ನಿಲ್ಲುತ್ತದೆ. ಬಟ್ಟೆ, ಬೆಣ್ಣೆ, ಕಾರು ಯಾವ ತಡೆಯೂ ಇಲ್ಲದೆ ಗಡಿ ದಾಟುತ್ತವೆ. ಮಕ್ಕಳ ಕಾರ್ಟೂನ್ ದಾಟುವುದಿಲ್ಲ. ಇದನ್ನು ಸರಿಮಾಡಿ ಅಂತ ಕೇಳಿದರು.

ಕಮಿಷನ್ ಆ ಸೆಪ್ಟೆಂಬರ್‌ನಲ್ಲೇ ನೋಂದಣಿ ಮಾಡುವುದಿಲ್ಲ ಅಂದಿತು. ಕೆಲವು ಬೇಡಿಕೆ ನಮ್ಮ ಅಧಿಕಾರದ ಹೊರಗಿವೆ, ಅದಕ್ಕೇ ಇಡೀ ಕಟ್ಟೇ ಬೇಡ ಅಂತ. ಯಾವ ಬೇಡಿಕೆ, ಯಾಕೆ ಹೊರಗೆ, ಅದನ್ನು ಹೇಳಲಿಲ್ಲ. ಸಂಘಟಕರು ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ಕೋರ್ಟಿಗೆ ಹೋದರು. ಮೂರು ವರ್ಷಕ್ಕೂ ಜಾಸ್ತಿ ಕಾದರು. 2017ರ ಫೆಬ್ರವರಿ 3ರಂದು ಕೋರ್ಟು ಆ ನಿರಾಕರಣೆಯನ್ನು ರದ್ದು ಮಾಡಿತು. ಬೇಡ ಅನ್ನುವುದಾದರೆ ಯಾವುದು ಬೇಡ, ಯಾಕೆ ಬೇಡ ಅಂತ ಬಿಡಿಸಿ ಹೇಳಬೇಕು ಅನ್ನುವುದು ಆ ತೀರ್ಪಿನ ಸಾರ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಜನರಿಗೆ ಸಿಕ್ಕ ಗಟ್ಟಿ ಗೆಲುವು ಇದೇ.

ಹನ್ನೊಂದರಲ್ಲಿ ಒಂಬತ್ತು ಬೇಡಿಕೆ ನೋಂದಣಿಯಾದವು. 2017ರ ಏಪ್ರಿಲ್‌ನಿಂದ ಒಂದು ವರ್ಷ ಸಹಿ ಸಂಗ್ರಹ ನಡೆಯಿತು. ಪರಿಶೀಲನೆಯಾದ ಮೇಲೆ ಉಳಿದ ಸಹಿಗಳು 11,23,422. ಹನ್ನೊಂದು ದೇಶಗಳು ತಮಗೆ ಗೊತ್ತುಮಾಡಿದ ಸಹಿಯ ಮಿತಿ ದಾಟಿದವು.

ಇಲ್ಲಿ ಸ್ವಲ್ಪ ನಿಲ್ಲೋಣ. ಬಹುಪಾಲು ಸಹಿ ಬಂದದ್ದು ಹಂಗೇರಿ ಮತ್ತು ರೊಮೇನಿಯಾದಿಂದ. ಮೊದಲ ಮಹಾಯುದ್ಧ ಮುಗಿದು ಗಡಿ ಬದಲಾದಾಗ ಲಕ್ಷಾಂತರ ಹಂಗೇರಿಯನ್ನರು ಕೂತಲ್ಲೇ ಬೇರೆ ದೇಶದವರಾಗಿಬಿಟ್ಟರು. ಅವರ ಸಂಘಟನೆ ಬಲವಾಗಿದೆ. ಆದರೆ ಬ್ರೆಟನ್ ಇರುವ ಫ್ರಾನ್ಸ್, ಸೋರ್ಬಿಯನ್ ಇರುವ ಜರ್ಮನಿ, ಫ್ರಿಸಿಯನ್ ಇರುವ ನೆದರ್‌ಲೆಂಡ್ಸ್ ಮಿತಿ ದಾಟಲಿಲ್ಲ. ಇದು ಅಭಿಯಾನದ ದೊಡ್ಡ ದೌರ್ಬಲ್ಯ ಅಂತ ನನಗನ್ನಿಸುತ್ತದೆ. ಹತ್ತು ಲಕ್ಷದ ಲೆಕ್ಕದಲ್ಲಿ ಸಣ್ಣವರ ನಡುವೆಯೂ ದೊಡ್ಡವರೇ ಮುಂದೆ ಬರುತ್ತಾರೆ. ಸೋರ್ಬಿಯನ್ ಮಾತಾಡುವವರೆಲ್ಲ ಒಬ್ಬರೂ ಬಿಡದೆ ಸಹಿ ಹಾಕಿದರೂ ಜರ್ಮನಿಯ ಮಿತಿ ಮುಟ್ಟಲಾಗುವುದಿಲ್ಲ.

ಇನ್ನೊಂದು ವಿಷಯ. ಸಹಿಯ ಅಧಿಕೃತ ಫಾರಂ ಇರುವುದು ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಮಾತ್ರ. ಅಂದರೆ ಬ್ರೆಟನ್‌ಗಾಗಿ ಸಹಿ ಹಾಕುವ ಅಜ್ಜಿ ಫ್ರೆಂಚ್ ಫಾರಂ ತುಂಬಬೇಕು. ನಗಬೇಡಿ, ಇದಕ್ಕಿಂತ ಬಿಗಿಯಾದ ಕಾಲವೂ ಇತ್ತು. ಜನಾಭಿಪ್ರಾಯ ಕೇಳುವ ಎಷ್ಟೋ ಕಡತಗಳನ್ನು ಕಮಿಷನ್ ಬರೀ ಇಂಗ್ಲಿಷಿನಲ್ಲಿ ಹೊರಡಿಸುತ್ತಿತ್ತು. ಇದು ತಪ್ಪು ಅಂತ ಜನರ ದೂರು ವಿಚಾರಿಸುವ ಅಧಿಕಾರಿ, ಯುರೋಪಿಯನ್ ಒಂಬುಡ್ಸ್‌ಮನ್, 2012ರಲ್ಲಿ ಸಂಸತ್ತಿಗೆ ವರದಿಯನ್ನೇ ಕೊಡಬೇಕಾಯಿತು.

ಸರಿ, ಮುಂದೆ ಏನಾಯಿತು? ರೊಮೇನಿಯಾ ಸರ್ಕಾರ ನೋಂದಣಿಯೇ ತಪ್ಪು ಅಂತ ಕೋರ್ಟಿಗೆ ಹೋಗಿ ಸೋತಿತು. 2020ರ ಜನವರಿಯಲ್ಲಿ ಸಹಿಗಳು ಕಮಿಷನ್ ಕೈಸೇರಿದವು. ಡಿಸೆಂಬರ್‌ನಲ್ಲಿ ಐರೋಪ್ಯ ಸಂಸತ್ತು ಬೆಂಬಲದ ನಿರ್ಣಯ ಮಾಡಿತು. ಪರವಾಗಿ 524 ಮತ, ವಿರುದ್ಧ 67. ಎಲ್ಲರೂ ಖುಷಿಯಾದರು. ಒಂದು ತಿಂಗಳೂ ಆಗಿರಲಿಲ್ಲ. 2021ರ ಜನವರಿಯಲ್ಲಿ ಕಮಿಷನ್ ಉತ್ತರ ಬಂತು: ಹೊಸ ಕಾನೂನು ಬೇಕಿಲ್ಲ, ಈಗಿರುವ ಕಾನೂನು, ಯೋಜನೆಗಳೇ ಸಾಕು.

ಈ ಸಲ ಕಾರಣ ಕೊಟ್ಟಿದ್ದರು. ಒಂಬತ್ತು ಬೇಡಿಕೆಗೂ ಬೇರೆಬೇರೆ ಉತ್ತರ. 2017ರ ತೀರ್ಪಿನ ಪಾಠ ಕಮಿಷನ್ ಚೆನ್ನಾಗಿಯೇ ಕಲಿತಿತ್ತು! ಮತ್ತೆ ಕೋರ್ಟು. 2022ರಲ್ಲಿ ಸೋಲು. ಮೇಲ್ಮನವಿಯೂ 2025ರ ಮಾರ್ಚ್ 5ರಂದು ಬಿದ್ದುಹೋಯಿತು. ಕಾನೂನು ತರಬೇಕೋ ಬೇಡವೋ ಅನ್ನುವುದು ಕಮಿಷನ್ನಿನ ವಿವೇಚನೆಗೆ ಬಿಟ್ಟದ್ದು. ಸಹಿ ಎಷ್ಟೇ ಇರಲಿ, ಅದು ಕಮಿಷನ್ನಿನ ಕೈಕಟ್ಟುವುದಿಲ್ಲ.

ಹನ್ನೆರಡು ವರ್ಷ ಸುಮ್ನೆ ಹೋಯಿತಾ ಅಂತ ನೀವು ಕೇಳಬಹುದು. ಅದಕ್ಕೆ ಐರಿಷ್ ಭಾಷೆಯ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಐರ್ಲೆಂಡ್ ಈ ದೇಶಗಳ ಕೂಟಕ್ಕೆ 1973ರಲ್ಲೇ ಸೇರಿತ್ತು. ಆಗ ಐರಿಷ್‌ಗೆ ಪೂರ್ತಿ ಸ್ಥಾನ ಕೇಳಿರಲಿಲ್ಲ. 2004ರಲ್ಲಿ ಮಾಲ್ಟೀಸ್ ಒಳಗೆ ಬಂದಾಗ ಐರಿಷ್ ಅಭಿಮಾನಿಗಳಿಗೆ ಉರಿಯಿತು. 'ಸ್ಟಾಡಸ್' ಅನ್ನುವ ಚಳವಳಿ ಮಾಡಿದರು. ಸ್ಟಾಡಸ್ ಅಂದರೆ ಸ್ಥಾನಮಾನ. ಆದರೆ ಅವರು ತಟ್ಟಿದ್ದು ಕಮಿಷನ್ ಇರುವ ಬ್ರಸೆಲ್ಸ್ ಬಾಗಿಲನ್ನಲ್ಲ, ತಮ್ಮದೇ ರಾಜಧಾನಿ ಡಬ್ಲಿನ್ ಬಾಗಿಲನ್ನು. ಅವರ ಸರ್ಕಾರ ಒಪ್ಪಿ ಅದೇ ವರ್ಷ ಕೇಳಿತು. 2005ರ ಜೂನ್‌ನಲ್ಲಿ ಎಲ್ಲ ದೇಶಗಳೂ ಒಪ್ಪಿದವು. 2007ರ ಜನವರಿ 1ರಿಂದ ಐರಿಷ್ ಅಧಿಕೃತ ಭಾಷೆ. ಅನುವಾದಕರೇ ಸಾಕಷ್ಟು ಇರಲಿಲ್ಲ. ಅದಕ್ಕೆ ಕೆಲವೇ ಕಡತಗಳ ಅನುವಾದ ಅಂತ ವಿನಾಯಿತಿ ಕೊಟ್ಟಿದ್ದರು. ಅದು 2021ರ ಕೊನೆಯವರೆಗೂ ನಡೆಯಿತು. ಭಾಷೆಗೆ ಸ್ಥಾನ ಮೊದಲು ಸಿಕ್ಕಿತು, ಕೆಲಸಗಾರರು ಆಮೇಲೆ ತಯಾರಾದರು.

ಈಗ ಮತ್ತೆ ಕ್ಯಾಟಲಾನ್‌ಗೆ ಬರೋಣ. 2023ರಲ್ಲಿ ಸ್ಪೇನ್ ಸರ್ಕಾರವೇ ಕ್ಯಾಟಲಾನ್, ಬಾಸ್ಕ್, ಗಲೀಷಿಯನ್ ಮೂರನ್ನೂ ಪಟ್ಟಿಗೆ ಸೇರಿಸಿ ಅಂತ ಕೇಳಿತು. ಖರ್ಚು ನಾವೇ ಕೊಡುತ್ತೇವೆ ಅಂತಲೂ ಹೇಳಿತು. ನಾಳೆ ನಮ್ಮಲ್ಲೂ ಇದೇ ಬೇಡಿಕೆ ಬಂದರೆ ಗತಿಯೇನು ಅನ್ನುವ ಹಿಂಜರಿಕೆ ಕೆಲವು ದೇಶಗಳಿಗೆ. 2025ರ ಮೇ ತಿಂಗಳಲ್ಲೂ ತೀರ್ಮಾನ ಮುಂದಕ್ಕೆ ಹೋಯಿತು.

ಅಲ್ಲಿಯವರೆಗೆ ಏನು ವ್ಯವಸ್ಥೆ ಅಂದರೆ, 2005ರಲ್ಲಿ ಮಾಡಿಕೊಂಡ ಒಂದು ಏರ್ಪಾಡಿದೆ. ಬಾರ್ಸಿಲೋನಾದ ಒಬ್ಬರು ಒಕ್ಕೂಟಕ್ಕೆ ಕ್ಯಾಟಲಾನ್‌ನಲ್ಲಿ ಪತ್ರ ಬರೆಯಬಹುದು. ಅದು ಮೊದಲು ಸ್ಪೇನ್ ಗೊತ್ತುಮಾಡಿದ ಕಚೇರಿಗೆ ಹೋಗಿ, ಸ್ಪ್ಯಾನಿಷ್ ಆಗಿ, ಆಮೇಲೆ ಬ್ರಸೆಲ್ಸ್‌ಗೆ ಹೋಗುತ್ತದೆ. ಉತ್ತರವೂ ಅದೇ ದಾರಿಯಲ್ಲಿ ವಾಪಸ್ಸು. ಬಿಲ್ಲು ಸ್ಪೇನಿಗೆ.

ಪ್ರಶ್ನೆಗಳಿದ್ದರೆ ಕೇಳಿ, ನಾನು ಇಲ್ಲೇ ಇರುತ್ತೇನೆ.