ಪ್ರವಾಹ ಬಂದಾಗ ‘ಸಾಕು, ಇನ್ನು ಬೇಡ’ ಅನ್ನೋರು ಯಾರು?

ನಮಸ್ಕಾರ ಎಲ್ರಿಗೂ. ಇವತ್ತಿನ ವಿಷ್ಯಕ್ಕೆ ಸುಮಾರು ಜನಕ್ಕೆ ಸಿಟ್ಟು ಬರುತ್ತೆ, ಗೊತ್ತು. ನಮ್ಮಲ್ಲಿ ಪ್ರತಿ ಮಳೆಗಾಲ ಇದೇ ಕಥೆ, ಎಲ್ಲೋ ಗುಡ್ಡ ಕುಸೀತು, ಎಲ್ಲೋ ಹೊಳೆ ಊರೊಳಗೆ ನುಗ್ತು ಅಂತ ಟಿವೀಲಿ ಬಂದ ಅರ್ಧ ಗಂಟೇಲಿ ವಾಟ್ಸಾಪ್ ಗ್ರೂಪ್ ರೆಡಿ, ಪೋಸ್ಟರ್ ರೆಡಿ, ಲಾರಿ ರೆಡಿ, ಲಾರಿ ಮುಂದೆ ಕಟ್ಟೋ ಬ್ಯಾನರ್ರಂತೂ ಎಲ್ಲಕ್ಕಿಂತ ಮೊದ್ಲೇ ರೆಡಿ. ಲಾರಿ ಯಾವ ಊರಿಗೆ ಹೋಗ್ಬೇಕು, ಅಲ್ಲಿ ಇಳಿಸ್ಕೊಳ್ಳೋರು ಯಾರು, ಅದ್ರಲ್ಲಿರೋದು ಅವ್ರಿಗೆ ಬೇಕಾ, ಇದನ್ನ ಮಾತ್ರ ಯಾರೂ ಕೇಳಿರಲ್ಲ.

ಎನ್‌ಜಿಓಗಳು, ಸರ್ಕಾರ, ಮಠಗಳು, ಕಂಪನಿಗಳು ಎಲ್ಲಾ ಕೂತು ಮಾತಾಡ್ಕೊಂಡು ಕೆಲ್ಸ ಮಾಡ್ಬೇಕು ಅಂತ ಎಲ್ರೂ ಹೇಳ್ತಾರೆ, ಸರಿ. ಆದ್ರೆ ಆ ಮೀಟಿಂಗಲ್ಲಿ ಒಬ್ರಿಗಾದ್ರೂ ‘ನಿಮ್ಮ ಸಾಮಾನು ಬೇಡ, ವಾಪಸ್ ತಗೊಂಡ್ಹೋಗಿ’ ಅನ್ನೋ ಅಧಿಕಾರ ಇಲ್ದಿದ್ರೆ ಅದು ಬರೀ ಟೀ ಬಿಸ್ಕೆಟ್ ಮೀಟಿಂಗು. ಮದುವೆ ಮನೇಲಿ ಉಗ್ರಾಣದ ಬೀಗದ ಕೈ ಒಬ್ಬರ ಹತ್ರನೇ ಇರುತ್ತಲ್ಲ, ಎಷ್ಟೇ ದೊಡ್ಡ ನೆಂಟ್ರು ಬಂದು ಕೇಳಿದ್ರೂ ಅವ್ರನ್ನ ದಾಟಿ ಒಂದು ತೆಂಗಿನಕಾಯಿ ಈಚೆ ಬರಲ್ಲ, ಅಂಥೋರು ಬೇಕು.

ತಮಿಳುನಾಡಿನ ನಾಗಪಟ್ಟಣಂ ಉದಾಹರಣೆ ತಗೊಳ್ಳಿ. 2004ರ ಡಿಸೆಂಬರ್ 26ಕ್ಕೆ ಸುನಾಮಿ ಬಂತು, ಅದೊಂದೇ ಜಿಲ್ಲೇಲಿ 6,000ಕ್ಕೂ ಹೆಚ್ಚು ಜನ ಸತ್ರು. ಆಮೇಲೆ ದೇಶದ ಎಲ್ಲಾ ಕಡೆಯಿಂದ, ಹೊರದೇಶದಿಂದ ನೂರಾರು ಸಂಸ್ಥೆಗಳು ಬಂದಿಳಿದ್ವು. ಹಳೇ ಬಟ್ಟೆ ಎಷ್ಟು ಬಂತು ಅಂದ್ರೆ ರಸ್ತೆ ಪಕ್ಕ ರಾಶಿ ರಾಶಿ ಬಿದ್ದಿತ್ತು, ಮೀನುಗಾರರು ಮುಟ್ಲಿಲ್ಲ. ಯಾಕ್ ಮುಟ್ಬೇಕು ಹೇಳಿ, ಮೊನ್ನೆ ಮೊನ್ನೆವರೆಗೂ ಸ್ವಂತ ದುಡಿಮೇಲಿ ಬದುಕಿದ್ದ ಜನ, ಯಾರೋ ಹಾಕಿ ಬಿಟ್ಟ ಪ್ಯಾಂಟು ಅವ್ರಿಗ್ಯಾಕೆ?

ಆದ್ರೆ ಅಲ್ಲೇ ಒಂದು ಒಳ್ಳೆ ಕೆಲ್ಸನೂ ಆಯ್ತು. ಸಿಫ್ಸ್ ಅಂತ ಮೀನುಗಾರರ ಸಹಕಾರ ಸಂಘಗಳ ಒಕ್ಕೂಟ, ಸ್ನೇಹಾ ಅಂತ ಅಲ್ಲಿನದೇ ಒಂದು ಸಂಸ್ಥೆ, ಇವ್ರು ಸೇರಿ ಸುನಾಮಿ ಆದ ವಾರದೊಳಗೆ ಕಲೆಕ್ಟರ್ ಕಚೇರಿ ಜೊತೆ ಒಂದು ಸಮನ್ವಯ ಕೇಂದ್ರ ಶುರು ಮಾಡಿದ್ರು. ಯಾವ ಹಳ್ಳೀಲಿ ಯಾವ ಸಂಸ್ಥೆ ಏನ್ ಮಾಡ್ತಿದೆ ಅನ್ನೋ ಪಟ್ಟಿ, ಮನೆ ಕಟ್ಟೋ ವಿಷ್ಯಕ್ಕೊಂದು ಗುಂಪು, ನೀರು ನೈರ್ಮಲ್ಯಕ್ಕೊಂದು ಗುಂಪು, ಜೀವನೋಪಾಯಕ್ಕೊಂದು ಗುಂಪು, ಹಳ್ಳಿಗಳಿಂದ ಸುದ್ದಿ ತರೋಕೆ ಜನ. ಕೇಳೋಕೆ ಏನೂ ದೊಡ್ಡದಲ್ಲ ಅನ್ಸುತ್ತೆ, ಆದ್ರೆ ಹೊಸ ಊರಿಗೆ ದುಡ್ಡು ಹಿಡ್ಕೊಂಡು ಬಂದ ಸಂಸ್ಥೆಗೆ ‘ಅಲ್ಲಿ ಆಗ್ಲೇ ಮೂರು ಜನ ಇದ್ದಾರೆ, ನೀವು ಇಲ್ಲಿಗೆ ಹೋಗಿ’ ಅಂತ ಹೇಳೋಕೆ ಒಂದು ಜಾಗ ಆಯ್ತು. ಮನೆ ವಿಷ್ಯದಲ್ಲಂತೂ ಜಾಗ ಸರ್ಕಾರದ್ದು, ಕಟ್ಟೋದು ಸಂಸ್ಥೆಗಳದ್ದು, ಮಧ್ಯೆ ಲಿಖಿತ ಒಪ್ಪಂದ. ಅಲ್ಲಿ ಸರ್ಕಾರದ ಕೈಲಿ ಹಿಡಿತ ಇತ್ತು.

ಬೋಟ್ ವಿಷ್ಯದಲ್ಲಿ ಹಿಡಿತ ಇರ್ಲಿಲ್ಲ, ನನಗೆ ಅತೀ ಮುಖ್ಯ ಅನ್ಸೋದು ಇದೇ. ಬೋಟ್ ಕೊಡೋದು ಅಂದ್ರೆ ದಾನಿಗಳಿಗೆ ಬಲು ಇಷ್ಟ, ಫೋಟೋ ಚೆನ್ನಾಗಿ ಬರುತ್ತೆ, ಮೇಲೆ ಸಂಸ್ಥೆ ಹೆಸ್ರು ಬರೀಬಹುದು. ಎಲ್ರೂ ಫೈಬರ್ ಬೋಟ್ ಕೊಟ್ರು. ಕೊನೆಗೆ ಏನಾಯ್ತು, ಸುನಾಮಿಗೆ ಮುಂಚೆ ಇದ್ದದ್ದಕ್ಕಿಂತ ಜಾಸ್ತಿ ಬೋಟ್ ಆಗೋಯ್ತು, ಕೆಲವಂತೂ ಕಳಪೆ. ಮುಂಚೆ ಒಬ್ರ ಬೋಟಲ್ಲಿ ಪಾಲಿಗೆ ದುಡೀತಿದ್ದೋರೆಲ್ಲ ಓನರ್ ಆಗ್ಬಿಟ್ರು, ಈಗ ಬೋಟ್ ಇದೆ, ಜೊತೆಗೆ ಹೋಗೋಕೆ ಆಳು ಸಿಗ್ತಿಲ್ಲ, ಸಮುದ್ರದಲ್ಲಿ ಮೀನು ಮಾತ್ರ ಅಷ್ಟೇ. ಅದೇ ಹೊತ್ತಲ್ಲಿ ಸ್ವಲ್ಪ ಒಳಗೆ ಹೋದ್ರೆ ಉಪ್ಪಿನ ಗದ್ದೆ ಕೂಲಿಯವ್ರು, ಹೊಲದ ಕೂಲಿ ಮಾಡೋ ದಲಿತ್ರು, ಅವ್ರ ಕೇರಿಗೆ ನೆರವು ತಡವಾಗಿ ಹೋಯ್ತು, ಕೆಲವು ಕಡೆ ಹೋಗ್ಲೇ ಇಲ್ಲ. ಪಟ್ಟಿ ಇತ್ತು ಸ್ವಾಮಿ! ಯಾವ ಊರಿಗೆ ಏನು ಜಾಸ್ತಿ ಆಗಿದೆ ಅಂತ ಕಾಣ್ತಿತ್ತು. ಆದ್ರೆ ‘ಬೋಟ್ ಸಾಕು, ಆ ದುಡ್ಡು ಈ ಕೇರಿಗೆ ಹಾಕಿ’ ಅಂತ ಸಂಸ್ಥೆಗೆ ಹೇಳಿದ್ರೆ, ‘ನಮ್ಮ ದಾನಿ ಬೋಟಿಗೇ ಅಂತ ಕೊಟ್ಟಿರೋದು ಸಾರ್’ ಅನ್ನೋ ಉತ್ತರ. ಸಂಸ್ಥೆಗಳು ಲೆಕ್ಕ ಒಪ್ಸೋದು ದುಡ್ಡು ಕೊಟ್ಟೋರಿಗೆ, ಮನೆ ಕಳ್ಕೊಂಡೋರಿಗಲ್ಲ. ಹೊಂದಾಣಿಕೆ ಆಗದೇ ಇರೋಕೆ ಮುಖ್ಯ ಕಾರಣ ಇದು, ಈಗೋ ಗೀಗೋ ಎಲ್ಲಾ ಆಮೇಲೆ.

ಬೇಡ ಅಂದೋರು ಯಾರೂ ಇರ್ಲಿಲ್ವಾ ಅಂದ್ರೆ, ಇದ್ರು. ‘ಮೆದಸಾಂ ಸಾಂ ಫ್ರಾಂತಿಯೇರ್’ ಅಂತ ಡಾಕ್ಟರ್‌ಗಳ ಸಂಸ್ಥೆ, 2005ರ ಜನವರಿ ಮೊದಲ ವಾರದಲ್ಲೇ ‘ಸುನಾಮಿಗೆ ನಮಗೆ ಬೇಕಾದಷ್ಟು ಬಂದಿದೆ, ಇದಕ್ಕೇ ಅಂತ ಇನ್ನು ಕೊಡ್ಬೇಡಿ’ ಅಂತ ಬಹಿರಂಗವಾಗಿ ಹೇಳ್ತು. ಬೇರೆ ಸಂಸ್ಥೆಗಳು ಅವ್ರ ಮೇಲೆ ಉರ್ಕೊಂಡ್ವು, ನೀವು ಹಿಂಗಂದ್ರೆ ನಮಗೂ ದುಡ್ಡು ನಿಲ್ಲುತ್ತೆ ಅಂತ. ಆದ್ರೆ ಆಮೇಲೆ ಬಂದ ಅಂತರರಾಷ್ಟ್ರೀಯ ಮೌಲ್ಯಮಾಪನದ ಲೆಕ್ಕ ನೋಡಿ, ಸುನಾಮಿ ಸಂತ್ರಸ್ತರಿಗೆ ತಲೆಗೆ ಸುಮಾರು 7,100 ಡಾಲರ್, ಅದೇ 2004ರ ಬಾಂಗ್ಲಾದೇಶ ಪ್ರವಾಹದವ್ರಿಗೆ ತಲೆಗೆ 3 ಡಾಲರ್. ಡಾಕ್ಟರ್‌ಗಳು ಹೇಳಿದ್ದು ತಪ್ಪಾ?

2005ರಲ್ಲಿ ವಿಶ್ವಸಂಸ್ಥೆ ಕ್ಲಸ್ಟರ್ ವ್ಯವಸ್ಥೆ ಅಂತ ತಂತು, ನೀರಿಗೆ ಯುನಿಸೆಫ್, ಆರೋಗ್ಯಕ್ಕೆ ಡಬ್ಲ್ಯೂಎಚ್‌ಓ, ಹೀಗೆ ಒಂದೊಂದು ಕೆಲ್ಸಕ್ಕೆ ಒಬ್ಬೊಬ್ರು ಮುಂದಾಳು. ಚೆನ್ನಾಗೇ ಇದೆ. ಆದ್ರೆ 2010ರಲ್ಲಿ ಹೈಟಿ ಭೂಕಂಪ ಆದಾಗ ಈ ಮೀಟಿಂಗ್‌ಗಳು ನಡೆದಿದ್ದು ಏರ್‌ಪೋರ್ಟ್ ಹತ್ರ ಕಾವಲಿದ್ದ ವಿಶ್ವಸಂಸ್ಥೆ ಬೇಸ್‌ನಲ್ಲಿ, ಅದೂ ಹೆಚ್ಚಾಗಿ ಇಂಗ್ಲಿಷಲ್ಲಿ. ಅಲ್ಲಿನ ಜನ ಮಾತಾಡೋದು ಕ್ರಿಯೋಲ್. ಊರಿನ ಸಂಸ್ಥೆಗಳಿಗೆ ಗೇಟ್ ದಾಟೋದೇ ಕಷ್ಟ, ದಾಟಿದ್ರೂ ಏನ್ ನಡೀತಿದೆ ಅಂತ ಅರ್ಥ ಆಗ್ತಿರ್ಲಿಲ್ಲ.

ಈಗ ನಮ್ಮ ಮನೆ ಹತ್ರ ಬನ್ನಿ. 2009ರಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ‘ಆಸರೆ’ ಅಂತ ಯೋಜನೆ, ಕಂಪನಿಗಳು, ದಾನಿಗಳು ಸೇರಿ ಮನೆ ಕಟ್ಟಿಕೊಟ್ರು. ಎಷ್ಟೋ ಕಡೆ ಜನ ಹೋಗ್ಲೇ ಇಲ್ಲ, ಹೊಲ ದೂರ, ದನ ಕಟ್ಟೋಕೆ ಜಾಗ ಇಲ್ಲ, ಮೇವು ಇಡೋಕೆ ಜಾಗ ಇಲ್ಲ, ಮನೆಗಳು ಪಾಳು ಬಿದ್ವು. ರೈತನ ಮನೇಲಿ ಎತ್ತು ಎಲ್ಲಿ ಮಲಗುತ್ತೆ ಅಂತ ನಕ್ಷೆ ಬರೆಯೋನು ಕೇಳ್ಬೇಕಿತ್ತಲ್ವಾ.

ಕೇರಳದ ವಯನಾಡ್ ಇನ್ನೂ ನೆನಪಿರುತ್ತೆ, 2024ರ ಜುಲೈ 30, ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದಿದ್ದು. ಕರ್ನಾಟಕ ಸರ್ಕಾರ 100 ಮನೆ ಕಟ್ಟಿಕೊಡ್ತೀವಿ ಅಂತು. ಡಿಸೆಂಬರ್‌ನಲ್ಲಿ ನಮ್ಮ ಸಿಎಂ ‘ನಿಮ್ಮ ಕಡೆಯಿಂದ ಏನೂ ಉತ್ತರ ಬಂದಿಲ್ಲ’ ಅಂತ ಕೇರಳಕ್ಕೆ ಪತ್ರ ಬರೆದ್ರು, ಇಲ್ಲಿ ಜನ ‘ಕೊಡ್ತೀವಿ ಅಂದ್ರೂ ಕೊಬ್ಬು’ ಅಂತ ಬೈದ್ರು. ಉತ್ತರ ಕೊಡೋಕೆ ಅಷ್ಟು ದಿನ ತಗೊಂಡಿದ್ದು ತಪ್ಪೇ, ನಾನೂ ಒಪ್ತೀನಿ. ಆದ್ರೆ ಒಬ್ಬೊಬ್ಬ ದಾನಿ ಒಂದೊಂದು ಕಡೆ ತನ್ನ ಹೆಸರಿನ ಕಾಲೋನಿ ಕಟ್ಟೋದು ಬೇಡ, ಕಲ್ಪೆಟ್ಟದಲ್ಲಿ ಒಂದೇ ಟೌನ್‌ಶಿಪ್ ಮಾಡ್ತೀವಿ ಅಂತ ಕೇರಳದೋರು ಹಟ ಹಿಡಿದ್ರಲ್ಲ, ಆ ಹಟ ಸರಿ. ಅದೇ ವಯನಾಡಲ್ಲಿ ಸ್ವಯಂಸೇವಕರು ನಡೆಸ್ತಿದ್ದ ಅಡುಗೆಮನೆ ನಿಲ್ಸಿದಾಗ ದೊಡ್ಡ ಗಲಾಟೆ ಆಯ್ತು, ಊಟದ ಗುಣಮಟ್ಟ ಒಂದೇ ಕಡೆ ನೋಡ್ಕೊಳ್ತೀವಿ ಅಂದ್ರು ಅಧಿಕಾರಿಗಳು. ಬೇಡ ಅನ್ನೋಕೂ ಒಂದು ರೀತಿ ಇರುತ್ತೆ, ಹಗಲು ರಾತ್ರಿ ಬೇಯಿಸಿ ಹಾಕ್ದೋರಿಗೆ ಪೊಲೀಸ್ ಕೈಲಿ ಹೇಳಿಸೋದಲ್ಲ.

ಕಾನೂನಲ್ಲಿ ಅಧಿಕಾರ ಇಲ್ವಾ ಅಂದ್ರೆ ಬೇಕಾದಷ್ಟಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿನೇ ಅಧ್ಯಕ್ಷರು, 34ನೇ ಸೆಕ್ಷನ್‌ನಲ್ಲಿ ಆ ಜಾಗಕ್ಕೆ ಗಾಡಿ ಬಿಡೋದು ತಡೆಯೋದು ಎಲ್ಲಾ ಅವ್ರ ಕೈಲಿ. ಆದ್ರೆ ಪ್ರವಾಹದ ದಿನ ಡಿಸಿ ಹೆಣ ಹುಡುಕ್ಸೋದಾ, ಸೇತುವೆ ನೋಡೋದಾ, ಮಂತ್ರಿ ಜೊತೆ ಓಡಾಡೋದಾ, ಲಾರಿ ಲೆಕ್ಕ ಬರೆಯೋದಾ? ಅದಕ್ಕೇ ತಯಾರಿ ಮೊದ್ಲೇ ಆಗಿರ್ಬೇಕು. ಗುಜರಾತಿನ ಕಛ್‌ನಲ್ಲಿ 1998ರ ಚಂಡಮಾರುತ ಆದಾಗ್ಲೇ ಸಂಸ್ಥೆಗಳೆಲ್ಲ ಸೇರಿ ‘ಅಭಿಯಾನ್’ ಅಂತ ಒಕ್ಕೂಟ ಮಾಡ್ಕೊಂಡಿದ್ವು, ಹಂಗಾಗಿ 2001ರಲ್ಲಿ ಭೂಕಂಪ ಆದಾಗ ಒಬ್ರ ಮುಖ ಒಬ್ರಿಗೆ ಮೊದ್ಲೇ ಗೊತ್ತಿತ್ತು, ಹಳ್ಳಿಯವ್ರನ್ನೂ ಸಂಸ್ಥೆಗಳನ್ನೂ ಜೋಡಿಸೋಕೆ ಹಳ್ಳಿಗಳ ಗುಂಪಿಗೊಂದು ‘ಸೇತು’ ಕೇಂದ್ರ ಬೇಗ ನಿಂತ್ಕೊಳ್ತು. ಕೊಡಗು, ಬೆಳಗಾವಿ, ಬಾಗಲಕೋಟೆ, ಉತ್ತರ ಕನ್ನಡ, ಈ ಜಿಲ್ಲೆಗಳಲ್ಲಿ ಮೇ ತಿಂಗಳೊಳಗೆ ಡಿಸಿ ಆಫೀಸಲ್ಲಿ ಅಂಥದ್ದೊಂದು ಟೇಬಲ್ ಹಾಕಿ, ಊರಿನ ಸಂಘ ಸಂಸ್ಥೆಗಳನ್ನೇ ಕೂರ್ಸಿ, ನೆರೆ ಸಂತ್ರಸ್ತರು ಉಳ್ಕೊಳ್ಳೋ ಕಾಳಜಿ ಕೇಂದ್ರದಲ್ಲಿ ಏನ್ ಬೇಕು ಏನ್ ಬೇಡ ಅನ್ನೋ ಪಟ್ಟಿನ ದಿನಾ ಸಂಜೆ ಕನ್ನಡದಲ್ಲಿ ಹಾಕಿ. ಎಲ್ಲಕ್ಕಿಂತ ಮುಂಚೆ ‘ಬೇಡ’ದ ಪಟ್ಟಿ.

ನೀವು ಲಾರಿ ತುಂಬೋರಾಗಿದ್ರೆ, ತುಂಬೋಕೆ ಮುಂಚೆ ಆ ಜಿಲ್ಲೆ ಕಂಟ್ರೋಲ್ ರೂಮಿಗೆ, 1077 ಇದೆಯಲ್ಲ, ಅಲ್ಲಿನ ಎಸ್‌ಟಿಡಿ ಕೋಡ್ ಸೇರ್ಸಿ ಒಂದು ಫೋನ್ ಹಾಕಿ ಕೇಳಿ. ಬೇಡ ಅಂದ್ರೆ ಬ್ಯಾನರ್ ಸುತ್ತಿ ಒಳಗಿಡಿ, ಬೇಜಾರ್ ಮಾಡ್ಕೋಬೇಡಿ. ಬೈಯೋರು ಕಾಮೆಂಟಲ್ಲಿ ಬೈರಿ, ಓದ್ತೀನಿ.