ಹೊಟ್ಟೆಯ ಗಡಿಯಾರ ನೋಡಿಕೊಂಡು ಬಾದಾಮಿಗೆ

ಕೇಳುಗರೇ, ನಮಸ್ಕಾರ.

ಊರು ನೋಡಿ ಬಂದವರನ್ನು ಎಲ್ಲರೂ "ಏನೇನು ನೋಡಿದಿರಿ?" ಎಂದು ಕೇಳುತ್ತಾರೆ. ನನ್ನ ಸೋದರತ್ತೆ ಮಾತ್ರ "ಅಲ್ಲಿ ಏನು ತಿಂದೆ?" ಅಂತ ಕೇಳೋರು. ಮೊದಲ ಸಲ ಬಾದಾಮಿಗೆ ಹೋಗಿ ಬಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ಫ್ರೈಡ್ ರೈಸ್ ತಿಂದಿದ್ದೆ. ಹೇಳಿದರೆ ಮಾನ ಹೋಗುತ್ತದೆ ಅಂತ ಸುಮ್ಮನಿದ್ದೆ.

ಆಮೇಲಿನಿಂದ ಹೊರಡುವ ಮುಂಚೆ ಊಟ, ತಿಂಡಿಯ ಹೊತ್ತನ್ನೇ ಮೊದಲು ಗೊತ್ತುಮಾಡಿಕೊಳ್ಳುತ್ತೇನೆ. ಗುಡಿ, ಕೋಟೆಗಳು ನಡುವೆ ತಾವೇ ಬಂದು ಕೂತುಕೊಳ್ಳುತ್ತವೆ. ಚಾಲುಕ್ಯರ ಗುಹೆ ಸಾವಿರದ ನಾನೂರು ವರ್ಷದಿಂದ ಅಲ್ಲೇ ಇದೆ, ಇನ್ನರ್ಧ ಗಂಟೆ ಕಾಯುತ್ತದೆ. ಇಡ್ಲಿ ಕಾಯುವುದಿಲ್ಲ.

ಬೆಂಗಳೂರು ಬಿಡುವಾಗ ಇನ್ನೂ ಕತ್ತಲಿರಲಿ. ತುಮಕೂರು ಇನ್ನೇನು ಬಂತು ಅನ್ನುವಾಗ ಕ್ಯಾತ್ಸಂದ್ರ. ಇಲ್ಲಿಯದು ತಟ್ಟೆ ಇಡ್ಲಿ, ಅಂಗೈ ಮೀರುವ ಅಗಲ. ಮೇಲಿಟ್ಟ ಬೆಣ್ಣೆ ಕರಗಿ ಅಂಚಿಗೆ ಇಳಿಯುವುದರೊಳಗೆ ತುತ್ತು ಮುರಿಯಬೇಕು. ಎರಡಕ್ಕೆ ನಿಲ್ಲಿಸಿ. ಮೂರನೆಯದಕ್ಕೆ ಆಸೆಪಟ್ಟರೆ ದಾವಣಗೆರೆಯಲ್ಲಿ ಪಶ್ಚಾತ್ತಾಪ ಪಡುತ್ತೀರಿ.

ನಡುವೆ ಚಿತ್ರದುರ್ಗ. ಏಳು ಸುತ್ತಿನ ಕೋಟೆ ಹತ್ತಿ ಇಳಿದರೆ ತಿಂದ ಇಡ್ಲಿಯ ಲೆಕ್ಕ ಚುಕ್ತಾ. ಓಬವ್ವನ ಕಿಂಡಿಯ ಮುಂದೆ ನಿಂತಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಆ ಕಥೆಯೂ ಊಟದ ಹೊತ್ತಿನದೇ ತಾನೆ? ಕಾವಲಿನ ಗಂಡ ಉಣ್ಣಲು ಕೂತಿದ್ದ, ನೀರು ತರಲು ಹೋದ ಓಬವ್ವನಿಗೆ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರು ಕಂಡರು. ಗಂಡನ ಊಟ ಕೆಡಿಸದೆ ಒನಕೆ ಎತ್ತಿಕೊಂಡಳು.

ದಾವಣಗೆರೆಗೆ ಹೊತ್ತು ಮೀರಿ ಹೋದರೆ ಕೆಲವು ಕಡೆ ಹೆಂಚು ಆರಿರುತ್ತದೆ, ಜೋಪಾನ. ಇಲ್ಲಿ ದೋಸೆ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯೂ ಬೀಳುತ್ತದೆ. ಬೆಣ್ಣೆ ಎಷ್ಟು ಅಂತ ಕೇಳಬೇಡಿ, ನೋಡಲೂ ಬೇಡಿ. ಪಕ್ಕದಲ್ಲಿ ಅರಿಶಿನ ಕಾಣದ ಬಿಳೀ ಆಲೂಗಡ್ಡೆ ಪಲ್ಯ, ತೆಳ್ಳನೆಯ ಕಾಯಿ ಚಟ್ನಿ. ಎರಡೂ ಸಪ್ಪೆ ಅಂತ ದೂರುವವರಿದ್ದಾರೆ. ಬೆಣ್ಣೆ ಮಾತಾಡುವಾಗ ಪಲ್ಯ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದು ನನ್ನ ವಾದ. ಸಂಜೆಯವರೆಗೂ ಊರಲ್ಲಿ ಉಳಿಯುವ ಹಾಗಿದ್ದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಪ್ಪಿಸಬೇಡಿ.

ಧಾರವಾಡದಲ್ಲಿ ಪೇಡೆ ಕೊಳ್ಳುವುದಷ್ಟೇ ಕೆಲಸ. ಉತ್ತರ ಪ್ರದೇಶದ ಉನ್ನಾವಿನ ಕಡೆಯಿಂದ ಬಂದ ಠಾಕೂರ್ ಮನೆತನದ ಕೈಯಲ್ಲಿ ಹುಟ್ಟಿದ ಸಿಹಿ ಇದು. ಖೋವಾ ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿಯುವುದರಲ್ಲೇ ಇದರ ರುಚಿಯೆಲ್ಲ ಇದೆ. ಲೈನ್ ಬಜಾರಿನ ಸಾಲಿನಲ್ಲಿ ನಿಂತು ನಾನೂ ಒಂದು ಕಿಲೋ ತಂದೆ. ಮರುದಿನ ಬಾದಾಮಿಯ ಗುಹೆಯ ಮೆಟ್ಟಿಲಲ್ಲಿ ಒಂದು ಕೋತಿ ಆ ಪೊಟ್ಟಣ ಕಸಿದುಕೊಂಡು, ನನ್ನೆದುರೇ ಕೂತು ಒಂದೊಂದಾಗಿ ಮುಗಿಸಿತು. ಆಮೇಲೆ ಮೂರನೇ ಗುಹೆಯಲ್ಲಿ, 578ರ ಶಾಸನ ಇರುವ ಕಡೆ, ಆ ಬೃಹತ್ ವಿಷ್ಣುವಿನ ಮುಂದೆ ನಿಂತರೂ ನನ್ನ ಮನಸ್ಸು ಪೇಡೆಯಲ್ಲೇ ಇತ್ತು.

ಆ ದುಃಖ ಮರೆತದ್ದು ಬನಶಂಕರಿಯಲ್ಲಿ. ಬಾದಾಮಿಯಿಂದ ಐದು ಕಿಲೋಮೀಟರು. ಗುಡಿಯ ಎದುರು ದೊಡ್ಡ ಹೊಂಡ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಾರೆ. "ಬರ್ರೀ ಅಣ್ಣಾರ, ರೊಟ್ಟಿ ಊಟ ಮಾಡ್ರಿ, ಕೆನಿ ಮೊಸರ ಐತಿ" ಅನ್ನುವುದು ಕೇಳಿದರೆ ಕಾಲು ತಾನೇ ನಿಲ್ಲುತ್ತದೆ. ನೆರಳಿನಲ್ಲಿ ನೆಲಕ್ಕೇ ಕೂರಬೇಕು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಕೆಂಪು ಖಾರ, ಶೇಂಗಾ ಹಿಂಡಿ, ಪುಟ್ಟ ಕುಡಿಕೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು. ಕುಡಿಕೆ ಬೋರಲು ಹಾಕಿದರೂ ಬೀಳದಂಥ ಮೊಸರು! ಮೆನು ಕಾರ್ಡು ಇಲ್ಲ. ಅವತ್ತು ಅವರ ಮನೆಯಲ್ಲಿ ಏನು ಮಾಡಿದ್ದಾರೋ ಅದೇ ಊಟ.

ಬನಶಂಕರಿಗೆ ಶಾಕಾಂಬರಿ ಅಂತಲೂ ಹೆಸರು. ಬನದ ಹುಣ್ಣಿಮೆಯ ತೇರಿನ ಮುಂಚಿನ ಪಲ್ಲೇದ ಹಬ್ಬದಲ್ಲಿ ಅವಳಿಗೆ 108 ಬಗೆಯ ಪಲ್ಯದ ನೈವೇದ್ಯ. ಪಲ್ಯ ಉಣ್ಣುವ ದೇವಿಯ ಅಂಗಳದಲ್ಲಿ ಹಸಿದು ತಿರುಗಿದರೆ ತಪ್ಪು ನಮ್ಮದೇ.

ಇನ್ನೊಂದು ಮಾತು. ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಇರುವುದು ಬಾದಾಮಿಯ ಬಂಡೆಯ ಮೇಲೆ, ಕಪ್ಪೆ ಅರಭಟ್ಟನ ಶಾಸನದಲ್ಲಿ. 700ರ ಆಸುಪಾಸಿನದು. ಮುಂದೆ ಬೀಸುವ ಕಲ್ಲಿನ ಮುಂದೆ ಕೂತು ಜೋಳ ಬೀಸುತ್ತ ಹೆಂಗಸರು ಹಾಡಿದ್ದೂ ತ್ರಿಪದಿಯನ್ನೇ. ಈಗ ಹಿಟ್ಟು ಗಿರಣಿಯಿಂದ ಬರುತ್ತದೆ, ಹಾಡು ಕೇಳುವುದಿಲ್ಲ. ಆದರೆ ರೊಟ್ಟಿಯ ಬುಟ್ಟಿ ಇಳಿಸಿದ ಒಬ್ಬ ಅಮ್ಮನ ಹತ್ತಿರ ಕೇಳಿ ನೋಡಿದೆ. "ನಮ್ಮವ್ವ ಹಾಡ್ತಿದ್ಲು, ನಂಗ ಅರ್ಧಾ ಬರ್ತಾವ" ಅಂದರು. ಅರ್ಧ ಹಾಡಲೂ ಪುರುಸೊತ್ತಿರಲಿಲ್ಲ, ಒಂದು ಬಸ್ಸು ಬಂದು ನಿಂತಿತು.

ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ, ಐಹೊಳೆ ಅದರಾಚೆ. ಅವುಗಳ ಬಗ್ಗೆ ಶಾಲೆಯ ಪುಸ್ತಕದಲ್ಲೇ ಓದಿದ್ದೀರಿ, ನಾನು ಹೇಳುವುದು ಬೇಡ. ಐಹೊಳೆ ನೋಡಿದವರು ಹಾಗೇ ಹಿಂದಕ್ಕೆ ತಿರುಗುತ್ತಾರಲ್ಲ, ಅದು ನನ್ನ ತಕರಾರು. ಸ್ವಲ್ಪ ಮುಂದೆ ಅಮೀನಗಡವಿದೆ. ಅಲ್ಲಿ ಕರದಂಟು. ಅಂಟನ್ನು ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ಬಾಣಂತಿಯರಿಗೆ ಕೊಡುವ ಪದಾರ್ಥ. ಗೋಕಾಕದವರು ಕರದಂಟು ತಮ್ಮದು ಅನ್ನುತ್ತಾರೆ, ಆ ಜಗಳದಲ್ಲಿ ನಾನಿಲ್ಲ, ಎರಡನ್ನೂ ತಿನ್ನುತ್ತೇನೆ. ತಟ್ಟೆ ಇಡ್ಲಿ, ಬೆಣ್ಣೆ ದೋಸೆ, ಕುಡಿಕೆ ಮೊಸರು ಯಾವುದೂ ಮನೆಯವರೆಗೆ ಬರುವ ಜಾತಿಯಲ್ಲ. ಕರದಂಟು ಬರುತ್ತದೆ, ವಾರಗಟ್ಟಲೆ ಇರುತ್ತದೆ.

ಒಂದೇ ಒಂದು ಸೂಚನೆ. ಕರದಂಟು ಕೊಂಡ ಮೇಲೆ ಮತ್ತೊಮ್ಮೆ ಬಾದಾಮಿಯ ಗುಹೆ ಹತ್ತುವುದಿದ್ದರೆ ಡಬ್ಬ ಗಾಡಿಯಲ್ಲೇ ಇರಲಿ. ಕಿಟಕಿ ಗಾಜು ಪೂರ್ತಿ ಏರಿಸಿರಿ.

ನಮಸ್ಕಾರ.