ಭತ್ತದ ಹುಲ್ಲಿಗೆ ಯೂರಿಯಾ ಉಪಚಾರ: ಯಾರಿಗೆ ಬೇಕು, ಹೇಗೆ ಮಾಡಬೇಕು?

[ದೃಶ್ಯ: ಕೊಟ್ಟಿಗೆ. ಗೋದಲಿಯಲ್ಲಿ ತಿನ್ನದೆ ಬಿಟ್ಟ ಹುಲ್ಲು.]

ಈ ಗೋದಲಿ ನೋಡಿ. ಬೆಳಿಗ್ಗೆ ಹಾಕಿದ ಭತ್ತದ ಹುಲ್ಲು ಮಧ್ಯಾಹ್ನವಾದರೂ ಅರ್ಧ ಹಾಗೇ ಬಿದ್ದಿದೆ. ಹಸು ಮೂಸಿ ನೋಡಿ ಸುಮ್ನೆ ಮಲಗಿದೆ. ಹೊಟ್ಟೆ ತುಂಬಿದೆ, ನಿಜ. ಆದರೆ ತುಂಬಿರುವುದು ಇನ್ನೂ ಕರಗದ ಹುಲ್ಲು.

ಹುಲ್ಲು ಕರಗಿಸುವುದು ಹಸುವಲ್ಲ, ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಅವುಗಳಿಗೆ ಸಾರಜನಕ ಬೇಕು, ಹುಲ್ಲಿನಲ್ಲಿ ಅದು ಇರುವುದು ಹೆಚ್ಚಾಗಿ ಪ್ರೋಟೀನ್ ರೂಪದಲ್ಲಿ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಇರುವುದೇ ಶೇ. 3–4. ಸಾಲದ್ದಕ್ಕೆ ನಾರಿಗೆ ಲಿಗ್ನಿನ್ ಎಂಬ ಸುಲಭಕ್ಕೆ ಕರಗದ ಗಟ್ಟಿ ಪದಾರ್ಥ ಅಂಟಿಕೊಂಡಿದೆ, ಮರಳಿನಲ್ಲಿರುವಂಥ ಸಿಲಿಕಾ ಬೇರೆ. ಕತ್ತರಿಸಿ ಹಾಕಿದರೆ ಪೋಲಾಗುವುದು ಕಡಿಮೆಯಾಗುತ್ತದೆ, ಸತ್ವ ಹೆಚ್ಚುವುದಿಲ್ಲ.

ಯೂರಿಯಾ ಕೆಲಸ ಮಾಡುವುದು ಇಲ್ಲಿ. ಒದ್ದೆ ಹುಲ್ಲಿನಲ್ಲಿ, ಗಾಳಿಯಾಡದ ಕಡೆ ಅದು ಅಮೋನಿಯಾ ಎಂಬ ಅನಿಲ ಆಗುತ್ತದೆ. ಅಮೋನಿಯಾ ಲಿಗ್ನಿನ್ನಿನ ಹಿಡಿತ ಸಡಿಲಿಸುತ್ತದೆ, ಸ್ವಲ್ಪ ಹುಲ್ಲಿನಲ್ಲೇ ಉಳಿದು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಪ್ರೋಟೀನ್ ಲೆಕ್ಕ ಶೇ. 7ರ ಆಸುಪಾಸಿಗೆ ಏರುತ್ತದೆ.

[ದೃಶ್ಯ: ನೆಲದ ಮೇಲೆ ಟಾರ್ಪಾಲು, ತಕ್ಕಡಿ, ಬಕೆಟ್, ಹೂವಿನ ಗಿಡಕ್ಕೆ ನೀರು ಹಾಕುವ ಡಬ್ಬ.]

ಅಳತೆ: 100 ಕೆಜಿ ಒಣಹುಲ್ಲು, 4 ಕೆಜಿ ಯೂರಿಯಾ, 50 ಲೀಟರ್ ನೀರು. ಯೂರಿಯಾ ತೂಗಿಯೇ ಹಾಕಿ, ಕಣ್ಣಂದಾಜು ಬೇಡ. ನೀರಿನಲ್ಲಿ ಪೂರ್ತಿ ಕರಗಿಸಿ. ಹುಲ್ಲು ಒಂದು ಪದರ ಹರಡಿ, ಆ ಯೂರಿಯಾ ನೀರು ಚಿಮುಕಿಸಿ, ತುಳಿಯಿರಿ. ಮತ್ತೊಂದು ಪದರ, ಮತ್ತೆ ತುಳಿಯಿರಿ.

ಈ ತುಳಿಯುವ ಕೆಲಸವೇ ಮುಖ್ಯ. "ಮಾಡಿದ್ದೆ ಸಾರ್, ಬೂಸ್ಟು ಹಿಡಿದು ಹಾಳಾಯ್ತು" ಅನ್ನುವ ಕಡೆ ಹೆಚ್ಚಾಗಿ ತಪ್ಪಿರುವುದು ಇಲ್ಲೇ. ಒಳಗೆ ಗಾಳಿ ಉಳಿಯಿತು, ಇಲ್ಲವೇ ಟಾರ್ಪಾಲಿನಲ್ಲಿ ತೂತಿತ್ತು. ಮನೆಯ ಹುಡುಗರನ್ನು ಮೇಲೆ ಬಿಡಿ, ಕುಣಿಯಲಿ. ನಂತರ ಬಿಗಿಯಾಗಿ ಮುಚ್ಚಿ, ಅಂಚಿಗೆ ಮಣ್ಣು, ಮೇಲೆ ಕಲ್ಲು. 21 ದಿನ ಮುಟ್ಟಬೇಡಿ.

ತೆರೆದಾಗ ಹುಲ್ಲು ಕಂದು ಹಳದಿಯಾಗಿರುತ್ತದೆ, ಮೂಗಿಗೆ ಹೊಡೆಯುವ ವಾಸನೆ ಬರುತ್ತದೆ. ಗಾಬರಿ ಬೇಡ, ಅದು ಅಮೋನಿಯಾ. ಒಂದು ಕಡೆಯಿಂದ ಆ ದಿನಕ್ಕೆ ಬೇಕಾದಷ್ಟೇ ತೆಗೆದು ಮತ್ತೆ ಮುಚ್ಚಿ. ತೆಗೆದದ್ದನ್ನು ಹರಡಿ, ವಾಸನೆ ಹೋದ ಮೇಲೆ ಹಾಕಿ. ಮೊದಲ ಒಂದು ವಾರ ಮಾಮೂಲಿ ಹುಲ್ಲಿನ ಜೊತೆ ಬೆರೆಸಿ.

[ದೃಶ್ಯ: ಮುಚ್ಚಳ ಹಾಕಿದ ಬಕೆಟ್.]

ಈಗ ಎಚ್ಚರಿಕೆ. ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡ. ಯೂರಿಯಾ ನೀರನ್ನು ದನ ಕುಡಿದರೆ ಪ್ರಾಣಕ್ಕೇ ಅಪಾಯ, ಆ ಬಕೆಟ್ ಕಟ್ಟಿದ ದನದ ಹತ್ತಿರವೂ ಇಡಬೇಡಿ. ಹಾಗೇ ಯೂರಿಯಾ ಚಿಮುಕಿಸಿ ಅದೇ ದಿನ ತಿನ್ನಿಸುವ ಸಾಹಸವಂತೂ ಬೇಡವೇ ಬೇಡ.

ಇನ್ನು, ಎಲ್ಲರಿಗೂ ಇದು ಬೇಕಾ? ನನ್ನ ಪ್ರಕಾರ ಬೇಡ. ನೇಪಿಯರ್ ಹಸಿಹುಲ್ಲು, ಅಲಸಂದೆ ಸೊಪ್ಪು ಸಾಕಷ್ಟಿದ್ದರೆ ಈ ಶ್ರಮ ದಂಡ. ರಾಗಿ ಹುಲ್ಲು ಭತ್ತದ್ದಕ್ಕಿಂತ ಹೇಗೂ ಮೇಲು. ಶೇಂಗಾ ಬಳ್ಳಿ, ತೊಗರಿ ಹೊಟ್ಟು ಇದ್ದವರು ಅದನ್ನೇ ಒಣಹುಲ್ಲಿಗೆ ಬೆರೆಸಿದರೆ ಸುಲಭ. ಬೇಸಿಗೆಯಲ್ಲಿ ಭತ್ತದ ಬಣವೆ ಬಿಟ್ಟು ಬೇರೇನೂ ಇಲ್ಲದವರಿಗೆ ಇದು. ಆಗಲೂ ಹಾಲು ಜಾಸ್ತಿ ಕೊಡುವ ಹಸುವಿಗೆ ಹಿಂಡಿ ನಿಲ್ಲಿಸಬೇಡಿ. ಖನಿಜ ಮಿಶ್ರಣವೂ ಇರಲಿ, ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮೊದಲ ಸಲ 100 ಕೆಜಿ ಮಾತ್ರ ಮಾಡಿ ನೋಡಿ. ಮುಚ್ಚಿದ ತಾರೀಖು ಎಲ್ಲಾದರೂ ಬರೆದಿಡಿ, ಮರೆತುಹೋಗುತ್ತದೆ.

[ದೃಶ್ಯ: ಟಾರ್ಪಾಲಿನ ಮೇಲೆ ಸುಣ್ಣದಲ್ಲಿ ಬರೆದ ತಾರೀಖು.]